ಫೆಲೋಶಿಪ್ ಮುಗಿದ ಮರುದಿನ ಎಲ್ಲಿ ಕೂರುತ್ತೀರಿ?

(ಕಾಸರಗೋಡಿನಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಹೊಸ ವಕೀಲರ ಮುಂದೆ ಮಾಡಿದ ಉಪನ್ಯಾಸದ ಸಂಪಾದಿತ ಬರಹ)

ಹೊಸ ವಕೀಲರಿಗೆ ಕೆಲವು ಕಾಲ ಶಿಷ್ಯವೇತನ ಕೊಟ್ಟು ಬಡವರ ಪರ ಕೆಲಸಕ್ಕೆ ಕೂರಿಸುವ ಫೆಲೋಶಿಪ್ಪುಗಳ ಬಗ್ಗೆ ಇವತ್ತಿನ ಮಾತು. ಮೊದಲು ದುಡ್ಡಿನ ಮಾತು ಆಡಿ ಮುಗಿಸೋಣ. ಬಡವರ ಪರ ವಕೀಲಿಕೆ ಮಾಡಬೇಕೆಂದು ಕಾನೂನು ಓದಿದವರು ನಿಮ್ಮಲ್ಲಿ ತುಂಬ ಮಂದಿ ಇದ್ದೀರಿ. ಐದು ವರ್ಷ ಕಳೆದ ಮೇಲೂ ಅದೇ ಕೆಲಸದಲ್ಲಿ ಉಳಿಯುವವರು ಕಡಿಮೆ. ಕಾರಣ ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಉತ್ತರ ಒಂದೇ: ಮೊದಲ ಮೂರು ವರ್ಷ ಮನೆ ನಡೆಯಲಿಲ್ಲ.

ಸನ್ನದು, ಅಂದರೆ ವಕೀಲರಾಗಿ ನೋಂದಣಿ, ಪಡೆಯುವ ಖರ್ಚೇನೋ ಇಳಿದಿದೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಗೌರವ್ ಕುಮಾರ್ ಪ್ರಕರಣದಲ್ಲಿ, 1961ರ ವಕೀಲರ ಕಾಯ್ದೆಯ 24ನೇ ಸೆಕ್ಷನ್ ಹೇಳಿದ ಶುಲ್ಕಕ್ಕಿಂತ ಹೆಚ್ಚು ವಸೂಲು ಮಾಡಬಾರದೆಂದಿತು. ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಆಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ಇಲ್ಲಿ ಎಷ್ಟೋ ಜನಕ್ಕೆ ತಿಳಿದಿಲ್ಲ, ಅದಕ್ಕೇ ಹೇಳಿದೆ. ಇಷ್ಟೆಲ್ಲ ಆಗಿ ಸೀನಿಯರ್ ಒಬ್ಬರ ಕಚೇರಿ ಸೇರಿದರೆ ಕೈಗೆ ಏನು ಬರುತ್ತದೆ? 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಸಲಹೆ, ಕಡ್ಡಾಯವಲ್ಲ. ಕೇರಳದಲ್ಲಿ ಹೊಸ ವಕೀಲರಿಗೆ ತಿಂಗಳಿಗೆ ಗರಿಷ್ಠ 5,000 ರೂಪಾಯಿ ಕೊಡುವ ನಿಯಮ ಉಂಟು. ವಯಸ್ಸು 30ರ ಒಳಗೆ, ವೃತ್ತಿ ಮೂರು ವರ್ಷಕ್ಕಿಂತ ಕಡಿಮೆ, ವಾರ್ಷಿಕ ಆದಾಯ 1 ಲಕ್ಷದೊಳಗೆ ಇರಬೇಕು. ಅರ್ಹತೆ ಇರುವವರು ದಯವಿಟ್ಟು ಅರ್ಜಿ ಹಾಕಿ, ಸಂಕೋಚ ಬೇಡ.

ಈಗ ಇನ್ನೊಂದು ಬದಿ ನೋಡಿ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರಾಗಲು, ಅಂದರೆ ಉಚಿತ ನೆರವಿನ ಕೇಸು ನಡೆಸುವವರ ಪಟ್ಟಿ ಸೇರಲು, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) 2010ರ ನಿಯಮಾವಳಿಯ ಪ್ರಕಾರ ಸಾಮಾನ್ಯವಾಗಿ ಮೂರು ವರ್ಷದ ಅನುಭವ ಬೇಕು. ಅಂದರೆ ಸರಕಾರದ ಉಚಿತ ಕಾನೂನು ನೆರವಿನ ಪ್ಯಾನೆಲ್ಲಿನ ಬಾಗಿಲು ತೆರೆಯುವುದು ಮೂರು ವರ್ಷದ ನಂತರ, ಹೊಟ್ಟೆ ಕೇಳುವುದು ಮೊದಲ ತಿಂಗಳಿನಿಂದ. ನಡುವಿನ ಈ ಮೂರು ವರ್ಷವನ್ನು ತುಂಬಲಿಕ್ಕೆ ಇರುವುದೇ ಫೆಲೋಶಿಪ್. ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ: ಫೆಲೋಶಿಪ್ಪನ್ನು ಅದರ ಕೊನೆಯಿಂದ ಆರಿಸಿ. ಎಷ್ಟು ಕೊಡುತ್ತಾರೆ ಎಂದು ಕೇಳುವ ಮೊದಲು, ಅದು ಮುಗಿದ ಮರುದಿನ ಯಾವ ಊರಿನಲ್ಲಿ, ಯಾವ ಕೋರ್ಟಿನಲ್ಲಿ, ಯಾರ ಫೈಲು ಹಿಡಿದು ಕೂತಿರುತ್ತೀರಿ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಅದು ಎರಡು ವರ್ಷದ ಸಂಬಳ ಮಾತ್ರ.

ಈ ಪದ್ಧತಿ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ತಿಳಿದಿರಬೇಕು, ಯಾಕೆಂದರೆ ನಮ್ಮಲ್ಲಿನ ಅರ್ಜಿ ನಮೂನೆಗಳ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಅದೇ ಅಚ್ಚಿನವು. ಅಮೆರಿಕದಲ್ಲಿ 1967ರಲ್ಲಿ ರೆಜಿನಾಲ್ಡ್ ಹೀಬರ್ ಸ್ಮಿತ್ ಹೆಸರಿನ ಫೆಲೋಶಿಪ್ ಶುರುವಾಯಿತು. ಸರಕಾರದ ದುಡ್ಡಿನಲ್ಲಿ ಹೊಸ ವಕೀಲರನ್ನು ಬಡವರ ಕಾನೂನು ನೆರವಿನ ಕಚೇರಿಗಳಿಗೆ ಕಳಿಸುತ್ತಿದ್ದರು. 1988ರಲ್ಲಿ ಒಂದು ದೊಡ್ಡ ವಕೀಲರ ಸಂಸ್ಥೆ ಸ್ಕ್ಯಾಡನ್ ಫೆಲೋಶಿಪ್ ತೆಗೆಯಿತು. ಈಕ್ವಲ್ ಜಸ್ಟಿಸ್ ವರ್ಕ್ಸ್ ಎಂಬ ಸಂಸ್ಥೆಯದ್ದೂ ಉಂಟು. ಎರಡರದ್ದೂ ಅವಧಿ ಎರಡು ವರ್ಷ. ಬ್ರಿಟನ್ನಿನಲ್ಲಿ ಜಸ್ಟಿಸ್ ಫಸ್ಟ್ ಎಂಬ ಫೆಲೋಶಿಪ್ ಕಳೆದ ದಶಕದಲ್ಲಿ ಬಂತು. ಇವಕ್ಕೆ ನೀವು ಅರ್ಜಿ ಹಾಕಲು ಬರುವುದಿಲ್ಲ, ಅವು ಆಯಾ ದೇಶದಲ್ಲಿ ವೃತ್ತಿ ಮಾಡುವವರಿಗೆ. ಗಮನಿಸಬೇಕಾದ್ದು ಅವುಗಳ ಕಟ್ಟಣೆಯನ್ನು. ದುಡ್ಡು ಕೊಡುವವರು ಬೇರೆ, ನಿಮ್ಮನ್ನು ಕೂರಿಸಿಕೊಂಡು ಕೆಲಸ ಕಲಿಸುವ ಆತಿಥೇಯ ಸಂಸ್ಥೆ ಬೇರೆ. ಯೋಜನೆ ಮಾತ್ರ ನಿಮ್ಮದು. ಸ್ಕ್ಯಾಡನ್ನಿಗೆ ಅರ್ಜಿ ಹಾಕುವವರು ಯಾವ ಜನರ ಯಾವ ಸಮಸ್ಯೆಗೆ ಏನು ಮಾಡುತ್ತೇವೆ ಎಂದು ತಾವೇ ಬರೆಯಬೇಕು, ಆತಿಥೇಯ ಸಂಸ್ಥೆಯ ಒಪ್ಪಿಗೆ ಪತ್ರ ತಾವೇ ತರಬೇಕು. ಕೆಲಸವನ್ನು ನೀವೇ ಕಟ್ಟಿದ್ದರಿಂದ ಅವಧಿ ಮುಗಿದಾಗ ಅದು ನಿಮ್ಮ ಜೊತೆಗೇ ಉಳಿಯುತ್ತದೆ. ಈ ಗುಣ ನನಗೆ ಎಲ್ಲಕ್ಕಿಂತ ದೊಡ್ಡದು.

ನಮ್ಮ ದೇಶದಲ್ಲಿ ಚಿತ್ರ ಚೆದುರಿದೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯಾಸ್ 1990ರಿಂದ ಜೈಲುಗಳಲ್ಲಿ ಕೆಲಸ ಮಾಡುತ್ತಿದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿದ್ದ ಪ್ರಾಜೆಕ್ಟ್ 39ಎ ತಂಡ ಪುಣೆಯ ಯೆರವಾಡ ಮತ್ತು ನಾಗಪುರ ಜೈಲುಗಳ ವಿಚಾರಣಾಧೀನ ಕೈದಿಗಳಿಗಾಗಿ ಫೆಲೋಶಿಪ್ ಆರಂಭಿಸಿತು. ಹೊಸ ವಕೀಲರು ಮತ್ತು ಸಮಾಜಕಾರ್ಯ ಓದಿದವರು ಅಲ್ಲಿ ಒಟ್ಟಿಗೆ ದುಡಿಯುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರು ಯಾರಾದರೂ ಇದನ್ನು ಓದಿದರೆ, ಮರಾಠಿಯೂ ಕನ್ನಡವೂ ಬರುವ ನಿಮಗೆ ಅಂಥ ಕೆಲಸ ಹೇಳಿ ಮಾಡಿಸಿದ್ದು. ಅಹಮದಾಬಾದಿನ ಸೆಂಟರ್ ಫಾರ್ ಸೋಶಿಯಲ್ ಜಸ್ಟಿಸ್ ಜಿಲ್ಲಾ ಮಟ್ಟದ ಕೋರ್ಟುಗಳಲ್ಲೇ ವಕೀಲರನ್ನು ಬೆಳೆಸುವ ದಾರಿ ಹಿಡಿದಿದೆ. ಬೆಂಗಳೂರಿನಲ್ಲಿ 2000ದಿಂದ ಆಲ್ಟರ್ನೇಟಿವ್ ಲಾ ಫೋರಂ ಇದೆ, ದೆಹಲಿಯಲ್ಲಿ ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್ ಇದೆ. ಯಾವ ವರ್ಷ ಯಾರು ಎಷ್ಟು ಜನರನ್ನು ತೆಗೆದುಕೊಳ್ಳುತ್ತಾರೆ ಎಂಬುದು ಆ ವರ್ಷದ ದುಡ್ಡಿನ ಮೇಲೆ ನಿಂತಿರುತ್ತದೆ.

ಸರಕಾರವೇ ನಡೆಸುವ ಒಂದು ವ್ಯವಸ್ಥೆಯನ್ನು ಯಾರೂ ಫೆಲೋಶಿಪ್ ಎಂದು ಕರೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಹೊಸಬರಿಗೆ ಸಿಗಬಹುದಾದ ಅತ್ಯುತ್ತಮ ಫೆಲೋಶಿಪ್ ಅದೇ. ನಾಲ್ಸಾ 2022ರಲ್ಲಿ ತಂದ ಲೀಗಲ್ ಏಡ್ ಡಿಫೆನ್ಸ್ ಕೌನ್ಸಿಲ್ ಪದ್ಧತಿ. ಪ್ರಾಸಿಕ್ಯೂಟರುಗಳಿಗೆ ಕಚೇರಿ ಇರುವ ಹಾಗೆ ಆರೋಪಿಗಳ ಪರವಾಗಿಯೂ ಜಿಲ್ಲೆಯಲ್ಲಿ ಪೂರ್ಣಾವಧಿ ಕಚೇರಿ. ಮುಖ್ಯಸ್ಥರಿಗೆ ಹತ್ತು ವರ್ಷದ, ಉಪಮುಖ್ಯಸ್ಥರಿಗೆ ಏಳು ವರ್ಷದ ಕ್ರಿಮಿನಲ್ ಅನುಭವ ಬೇಕು. ಸಹಾಯಕ ಹುದ್ದೆಗೆ ಸೊನ್ನೆಯಿಂದ ಮೂರು ವರ್ಷ. ಸೊನ್ನೆ ಎಂದು ಬರೆದದ್ದನ್ನು ಗಮನಿಸಿ. ಮೊದಲಿಗೆ ಎರಡು ವರ್ಷದ ಕರಾರು, ಕೆಲಸ ಚೆನ್ನಾಗಿದ್ದರೆ ಮುಂದುವರಿಕೆ. ಖಾಸಗಿ ಕೇಸು ಹಿಡಿಯುವ ಹಾಗಿಲ್ಲ. ರಿಮಾಂಡ್ ದಿನದಿಂದ ಅಪೀಲಿನವರೆಗೆ ಒಂದು ಕ್ರಿಮಿನಲ್ ಕೇಸಿನ ಎಲ್ಲ ಹಂತವನ್ನೂ ಎರಡು ವರ್ಷದಲ್ಲಿ ಕಾಣಿಸುವ ಬೇರೆ ಜಾಗ ಹೊಸಬರಿಗೆ ಸಿಗುವುದು ಕಷ್ಟ. ನೇಮಕ ಮಾಡುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಪ್ರಕಟಣೆ ಕೋರ್ಟಿನ ನೋಟೀಸು ಬೋರ್ಡಿನಲ್ಲೂ ಜಾಲತಾಣದಲ್ಲೂ ಬರುತ್ತದೆ, ಹೆಚ್ಚು ಸದ್ದಿಲ್ಲದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ನೋಡುತ್ತಿರಿ.

ಒಂದು ಸಣ್ಣ ಅಡ್ಡಮಾತು. ಬಡವರಿಗೆ ಕಾನೂನು ನೆರವು ಎಂಬುದು 1976ರ 42ನೇ ತಿದ್ದುಪಡಿಯಲ್ಲಿ 39ಎ ವಿಧಿಯಾಗಿ ಸಂವಿಧಾನಕ್ಕೆ ಬಂತು ಎಂದು ನೀವು ಓದಿದ್ದೀರಿ. ಕೇರಳದಲ್ಲಿ ಅದಕ್ಕೂ ಮುಂಚೆಯೇ, 1957ರಲ್ಲೇ, ಬಡವರ ಕಾನೂನು ನೆರವಿನ ನಿಯಮಗಳು ಬಂದಿದ್ದವು. ಆಗಿನ ಕಾನೂನು ಮಂತ್ರಿ ವಿ. ಆರ್. ಕೃಷ್ಣ ಅಯ್ಯರ್, ಇಲ್ಲಿಂದ ರೈಲು ಹತ್ತಿದರೆ ಸಿಗುವ ತಲಶ್ಶೇರಿಯ ಕೋರ್ಟಿನಲ್ಲಿ ವೃತ್ತಿ ಮಾಡಿದವರು. ಅವರೇ ಸುಪ್ರೀಂ ಕೋರ್ಟಿನಲ್ಲಿ ಕೂತು 1978ರಲ್ಲಿ ಕೊಟ್ಟ ಮೋತಿರಾಮ್ ತೀರ್ಪನ್ನು ಗಡಿನಾಡಿನ ಪ್ರತಿಯೊಬ್ಬ ವಕೀಲ ಬಾಯಿಪಾಠ ಮಾಡಬೇಕು. ಒಬ್ಬ ಗಾರೆ ಕೆಲಸದವನಿಗೆ ಜಾಮೀನು ಸಿಕ್ಕಿತ್ತು. ಜಾಮೀನುದಾರನಾಗಿ ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ಹಾಗೆ ತಿರಸ್ಕರಿಸಲು ಬರುವುದಿಲ್ಲ ಎಂದಿತು ಸುಪ್ರೀಂ ಕೋರ್ಟು. ಮಲಯಾಳಿಯೋ ಕನ್ನಡಿಗನೋ ದೂರದ ಬಸ್ತರಿನಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಆ ತೀರ್ಪಿನಲ್ಲೇ ಉಂಟು. ವಿಟ್ಲದಿಂದಲೋ ಸುಳ್ಯದಿಂದಲೋ ಕೆಲಸಕ್ಕೆ ಬಂದವನು ಇಲ್ಲಿ ಬಂಧಿತನಾಗಿ, ಜಾಮೀನು ಆದೇಶ ಆಗಿಯೂ ಊರಿನ ಜಾಮೀನುದಾರ ಸಿಗದೆ ಒಳಗೆ ಕೂತಿದ್ದರೆ ಎತ್ತಿ ಹಿಡಿಯಬೇಕಾದ್ದು ಇದನ್ನು. ಅದರ ಜೊತೆಗೆ 2023ರ ಜನವರಿ 31ರ ಸುಪ್ರೀಂ ಕೋರ್ಟಿನ ನಿರ್ದೇಶನಗಳು: ಜಾಮೀನಾಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಶರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿ ನೋಡಬಹುದು. ಇನ್ನು ಕ್ರಿಮಿನಲ್ ವಿಚಾರಣೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್. ಹಿಂದೆ ಯಾವ ಅಪರಾಧವೂ ಸಾಬೀತಾಗದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಇರುವ ಅಪರಾಧಗಳಿಗೆ ಇದಿಲ್ಲ, ಬೇರೆ ಕೇಸುಗಳು ಬಾಕಿ ಇದ್ದರೂ ತೊಡಕು. ಅರ್ಜಿ ಹಾಕುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ, ಆದರೆ ದಿನ ಲೆಕ್ಕ ಹಾಕಿ ನೆನಪಿಸುವವರು ಬೇಕು. ಒಬ್ಬ ಫೆಲೋ ಒಂದು ಜೈಲಿನಲ್ಲಿ ಈ ಲೆಕ್ಕದ ಪುಸ್ತಕವೊಂದನ್ನು ನೆಟ್ಟಗೆ ಇಟ್ಟರೂ ಎರಡು ವರ್ಷ ಸಾರ್ಥಕ.

ಈಗ ಕಾಸರಗೋಡಿಗೇ ಬರೋಣ. ಇಲ್ಲಿ ಇಂಥ ವಕೀಲರಿಗೆ ಏನು ಕೆಲಸವಿದೆ? ಜನರ ಆರೋಗ್ಯ ಕೆಡಿಸಿದ ಕೀಟನಾಶಕ ಎಂಡೋಸಲ್ಫಾನನ್ನೇ ತೆಗೆದುಕೊಳ್ಳಿ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. 2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಮಧ್ಯಂತರ ನಿಷೇಧ ಹೇರಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಆದೇಶಿಸಿತು. ಹೋರಾಟ ಗೆದ್ದಿತು ಎಂದು ಪತ್ರಿಕೆಗಳು ಬರೆದವು. ಐದು ವರ್ಷದ ಮೇಲೆ, 2022ರ ಮೇಯಲ್ಲಿ, ನ್ಯಾಯಾಂಗ ನಿಂದನೆ ಅರ್ಜಿ ವಿಚಾರಣೆಗೆ ಬಂದಾಗ ಹೊರಬಿದ್ದ ಲೆಕ್ಕ ಏನು? 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಎಂಟು ಜನರಿಗೆ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಅದೇ ಎಂಟು ಜನರಿಗೆ.

ತೀರ್ಪು ಇತ್ತು, ಸರಕಾರದ ಬಳಿ ಪಟ್ಟಿ ಇತ್ತು. ಸಂತ್ರಸ್ತರ ಊರಾದ ಪಡ್ರೆಯ ಮನೆಗೂ ದೆಹಲಿಯ ಕೋರ್ಟಿಗೂ ನಡುವೆ, ಪ್ರತಿ ಹೆಸರಿಗೊಂದು ಫೈಲು ಮಾಡಿ ಬೆನ್ನು ಹತ್ತುವ ವಕೀಲರು ಇರಲಿಲ್ಲ. ಫೆಲೋಶಿಪ್ಪಿನ ಕೆಲಸ ಇದೇ. ಇವತ್ತಿಗೂ ಇಂಥ ಮನೆಗಳಲ್ಲಿ ಬಾಕಿ ಇರುವ ಕಾನೂನು ಕೆಲಸ ಎಂಥದೆಂದು ನೋಡಿ. ಹಾಸಿಗೆ ಹಿಡಿದ ಮಗನಿಗೆ 18 ತುಂಬಿದ ಮೇಲೆ ಅವನ ಹೆಸರಿನ ಹಣ ತೆಗೆಯಲು ತಾಯಿಗೆ ಕಾನೂನುಬದ್ಧ ಪಾಲಕಿಯೆಂಬ ಪತ್ರ ಬೇಕು. ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಆಟಿಸಂ, ಬಹುವಿಧ ಅಂಗವೈಕಲ್ಯ ಇದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿ ಅದನ್ನು ಕೊಡುತ್ತದೆ, ಕೋರ್ಟಿಗೆ ಅಲೆಯಬೇಕಿಲ್ಲ. ಬೇರೆ ಬಗೆಯ ವೈಕಲ್ಯಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್. ಯಾವ ಮನೆಗೆ ಯಾವ ಕಾಯ್ದೆ ಎಂದು ಆರಂಭದಲ್ಲೇ ವಿಂಗಡಿಸದಿದ್ದರೆ ಆರು ತಿಂಗಳು ತಪ್ಪು ಮೇಜಿನ ಮುಂದೆ ಕಳೆಯುತ್ತದೆ. ಆಮೇಲೆ ವೈಕಲ್ಯದ ಗುರುತು ಚೀಟಿ, ಸತ್ತವರಿದ್ದರೆ ವಾರಸುದಾರಿಕೆ ಪತ್ರ, ಮೂರು ದಾಖಲೆಯಲ್ಲಿ ಮೂರು ರೀತಿ ಬರೆದ ಹೆಸರು. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಏನಾಗುತ್ತದೆ ಎಂದು ನಿಮ್ಮ ಸ್ವಂತ ಸರ್ಟಿಫಿಕೇಟು ನೋಡಿಕೊಂಡರೆ ಗೊತ್ತಾಗುತ್ತದೆ. ಅದೇ ವ್ಯತ್ಯಾಸ ಬ್ಯಾಂಕಿನಲ್ಲಿ ಒಬ್ಬ ವೃದ್ಧೆಯ ಪಿಂಚಣಿಯನ್ನು ನಿಲ್ಲಿಸುತ್ತದೆ.

ಭಾಷೆಯ ವಿಷಯ ಬಂತಲ್ಲ, ಅಲ್ಲಿಯೇ ನಿಮ್ಮ ದೊಡ್ಡ ಬಲ ಇರುವುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೂ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ಸಂವಿಧಾನದ 350ನೇ ವಿಧಿ ಅದರ ಬೆನ್ನಿಗಿದೆ. ಹಕ್ಕು ಕಾಗದದಲ್ಲಿದೆ, ವಿಲೇಜ್ ಆಫೀಸಿನಲ್ಲಿ ಕನ್ನಡ ಅರ್ಜಿ ಹಿಂದಿರುಗಿಸಿದಾಗ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ, ಮೇಲಧಿಕಾರಿಗೆ ಬರೆದು, ಹತ್ತು ಇಪ್ಪತ್ತು ಉದಾಹರಣೆ ಕೂಡಿಸಿದರೆ ಮಾತ್ರ ಅದು ಹೈಕೋರ್ಟಿನಲ್ಲಿ ನಿಲ್ಲುವ ಕೇಸಾಗುತ್ತದೆ. ಕ್ರಿಮಿನಲ್ ಕೋರ್ಟಿನಲ್ಲಿ ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ಕೋರ್ಟಿನಲ್ಲೇ ವಿವರಿಸಬೇಕು, ಹೊಸ ಸಂಹಿತೆಯ 314ನೇ ಸೆಕ್ಷನ್. ಕೇಳುವವರಿಲ್ಲದಿದ್ದರೆ ಅದು ಆಗುವುದಿಲ್ಲ. ಇನ್ನು 1956ಕ್ಕೆ ಮುಂಚಿನ ದಕ್ಷಿಣ ಕನ್ನಡ ಕಾಲದ ಮೂಲಗೇಣಿ (ಕಾಯಂ ಗೇಣಿ) ಪತ್ರ, ವರ್ಗದ (ಜಮೀನಿನ) ದಾಖಲೆ, ಕರಾರುಗಳೆಲ್ಲ ಕನ್ನಡದಲ್ಲಿವೆ. ಅವನ್ನು ಓದಿ, ಸರಿಯಾಗಿ ಭಾಷಾಂತರಿಸಿ, ಮಲಯಾಳದಲ್ಲಿ ವಾದಿಸಬಲ್ಲ ಯುವ ವಕೀಲರು ಎಷ್ಟು ಮಂದಿ ಇದ್ದೀರಿ? ಮಂಗಳೂರು, ಪುತ್ತೂರು, ಸುಳ್ಯದಲ್ಲಿ ಓದಿ ಬಂದವರಿಗೆ ಒಂದು ಎಚ್ಚರಿಕೆ: ಮಲಯಾಳ ಮಾತಾಡಲು ಬಂದರೆ ಸಾಲದು. ಎಫ್‌ಐಆರ್, ಮಹಜರು, ಕೈಬರಹದ ಹೇಳಿಕೆ ಓದಲು ಬರಬೇಕು. ಮೊದಲ ಮೂರು ತಿಂಗಳು ದಿನಕ್ಕೆರಡು ಹಳೆಯ ಚಾರ್ಜ್‌ಶೀಟು ಓದಿ.

ಇಲ್ಲಿನ ಕೋರ್ಟಿನಲ್ಲಿ ವೃತ್ತಿ ಮಾಡಬಹುದೇ ಎಂದು ಕರ್ನಾಟಕದಲ್ಲಿ ಸನ್ನದು ಪಡೆದವರ ಪ್ರಶ್ನೆ ಒಂದು ಬಂದಿದೆ. ವಕೀಲರ ಕಾಯ್ದೆಯ 30ನೇ ಸೆಕ್ಷನ್ 2011ರ ಜೂನ್ 15ರಿಂದ ಜಾರಿಯಲ್ಲಿದೆ, ದೇಶದ ಯಾವ ಕೋರ್ಟಿನಲ್ಲೂ ನೀವು ವೃತ್ತಿ ಮಾಡಬಹುದು. ಆದರೆ ಕೇರಳದ ಶಿಷ್ಯವೇತನ, ಕ್ಷೇಮನಿಧಿ ಇವೆಲ್ಲ ಇಲ್ಲಿನ ಪಟ್ಟಿಯಲ್ಲಿರುವವರಿಗೆ. ಇಲ್ಲೇ ನೆಲೆಸುವ ನಿರ್ಧಾರ ಗಟ್ಟಿಯಾದರೆ 18ನೇ ಸೆಕ್ಷನ್ ಪ್ರಕಾರ ಹೆಸರು ವರ್ಗಾಯಿಸಿಕೊಳ್ಳಿ. ಅರ್ಜಿ ಹೋಗಬೇಕಾದ್ದು ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ; ಆ ವರ್ಗಾವಣೆಗೆ ಶುಲ್ಕವಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ಫೆಲೋಶಿಪ್ ಪತ್ರಕ್ಕೆ ಸಹಿ ಹಾಕುವ ಮೊದಲು ನೋಡಬೇಕಾದ ಮುಖ್ಯ ವಿಷಯ ಬಾರ್ ಕೌನ್ಸಿಲಿನ 49ನೇ ನಿಯಮ. ವೃತ್ತಿ ಮಾಡುವ ವಕೀಲ ಯಾರದ್ದೂ ಪೂರ್ಣಾವಧಿ ಸಂಬಳದ ನೌಕರ ಆಗಿರಬಾರದು. ಅಂಥ ನೌಕರಿಗೆ ಸೇರಿದರೆ ಬಾರ್ ಕೌನ್ಸಿಲಿಗೆ ತಿಳಿಸಿ ವೃತ್ತಿ ನಿಲ್ಲಿಸಬೇಕು. ಸಂಸ್ಥೆ ನಿಮಗೆ ನೇಮಕಾತಿ ಆದೇಶ, ಭವಿಷ್ಯನಿಧಿ, ರಜೆ ನಿಯಮ ಎಲ್ಲ ಕೊಟ್ಟು ಕೋರ್ಟಿಗೂ ಕಳಿಸಿದರೆ ನಾಳೆ ತೊಂದರೆ ನಿಮಗೆ. ಕೋರ್ಟಿನಲ್ಲಿ ನಿಲ್ಲುವ ಫೆಲೋಶಿಪ್ ಆದರೆ ಪತ್ರದಲ್ಲಿ ವೃತ್ತಿ ಶುಲ್ಕ ಅಥವಾ ಶಿಷ್ಯವೇತನ ಎಂದಿರಬೇಕು, ವಕಾಲತ್ತು ನಿಮ್ಮ ಹೆಸರಿನಲ್ಲಿ ಹಾಕಲು ಸ್ಪಷ್ಟ ಅವಕಾಶ ಇರಬೇಕು. ಬರೀ ಸಂಶೋಧನೆಯ ಫೆಲೋಶಿಪ್ ಆದರೆ ಅದು ಬೇರೆ ಲೆಕ್ಕ, ಎರಡು ವರ್ಷ ಕೋರ್ಟು ತಪ್ಪುತ್ತದೆ ಎಂದು ತಿಳಿದೇ ಸೇರಿ. ವೃತ್ತಿ ಶುಲ್ಕವಾದರೆ ಸಾಮಾನ್ಯವಾಗಿ ಶೇಕಡಾ 10 ಮೂಲದಲ್ಲೇ ತೆರಿಗೆಯಾಗಿ ಕಡಿತವಾಗುತ್ತದೆ; ಆದಾಯ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು. ಬಿಟ್ಟುಬಿಡುವವರೇ ಹೆಚ್ಚು, ಅದು ಒಂದು ತಿಂಗಳಿಗೂ ಮೀರಿದ ದುಡ್ಡು.

ದುಡ್ಡು ಎಲ್ಲಿಂದ ಬರುತ್ತದೆ ಎಂದೂ ಕೇಳಿ, ಅದು ಅವಿನಯವಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇಕಡಾ 20 ಮೀರುವಂತಿಲ್ಲ. ದೆಹಲಿಯ ದೊಡ್ಡ ಸಂಸ್ಥೆಯೊಂದು ಜಿಲ್ಲೆಯ ಸಣ್ಣ ಸಂಸ್ಥೆಗೆ ಹಣ ಕೊಟ್ಟು ಅಲ್ಲೊಬ್ಬ ವಕೀಲರನ್ನು ಕೂರಿಸುವ ದಾರಿ ಆ ಮೂಲದ ಹಣಕ್ಕೆ ಹಾಗೆ ಮುಚ್ಚಿತು. ನೋಂದಣಿ ನವೀಕರಣ ಆಗದೆ ನಡುವೆಯೇ ಹಣ ನಿಂತರೆ ನಿಮ್ಮ ಕಕ್ಷಿದಾರರ ಗತಿ ಏನು ಎಂಬ ಪ್ರಶ್ನೆಗೆ ಆತಿಥೇಯ ಸಂಸ್ಥೆಯ ಬಳಿ ಉತ್ತರ ಇರಬೇಕು.

ಅರ್ಜಿ ಬರೆಯುವ ಬಗ್ಗೆ ಈಗ. ಸಮಸ್ಯೆಯನ್ನು ವಿವರಿಸುವ ಆ ಒಂದು ಪುಟದ ಮೇಲೆ ಉಳಿದೆಲ್ಲ ನಿಂತಿದೆ. ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. 'ಎಂಡೋಸಲ್ಫಾನ್ ಸಂತ್ರಸ್ತರಿಗೆ ನ್ಯಾಯ ಒದಗಿಸುವುದು ನನ್ನ ಗುರಿ' ಎಂದು ಬರೆದರೆ ಓದುವವರಿಗೆ ನಿಮ್ಮ ಒಳ್ಳೆಯತನ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ ಎಂದಿಟ್ಟುಕೊಳ್ಳಿ: 'ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಪಂಚಾಯತುಗಳಲ್ಲಿ ಪಾಲಕತ್ವ ಪತ್ರವಿಲ್ಲದೆ ಹಣ ಬಳಸಲಾಗದ 50 ಕುಟುಂಬಗಳನ್ನು ಗುರುತಿಸಿ, ಮೊದಲ ಆರು ತಿಂಗಳಲ್ಲಿ ದಾಖಲೆ ಕೂಡಿಸಿ, ವರ್ಷದೊಳಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಸಮಿತಿಯ ಮುಂದೆ ಅರ್ಜಿ ಹಾಕುತ್ತೇನೆ; ತಿರಸ್ಕೃತವಾದವನ್ನು ಎರಡನೇ ವರ್ಷ ಹೈಕೋರ್ಟಿಗೆ ಒಯ್ಯುತ್ತೇನೆ.' ಊರು, ಸಂಖ್ಯೆ, ಯಾವ ಅಧಿಕಾರಿಯ ಮುಂದೆ, ಯಾವ ಕಾಯ್ದೆಯಡಿ, ಆಗದಿದ್ದರೆ ಏನು ಎಂಬುದೆಲ್ಲ ಆ ಎರಡು ವಾಕ್ಯದಲ್ಲೇ ಉಂಟು. 50 ಎಂದದ್ದು ಯಾಕೆಂದರೆ ಹೊಸಬರೊಬ್ಬರು ಸಹಾಯಕರಿಲ್ಲದೆ ನಿಜವಾಗಿ ಬೆನ್ನು ಹತ್ತಬಲ್ಲ ಫೈಲುಗಳು ಸುಮಾರು ಅಷ್ಟೇ. 500 ಎಂದು ಬರೆದವರನ್ನು ಅನುಭವಿಗಳು ನಂಬುವುದಿಲ್ಲ.

ಅರ್ಜಿಗೆ ಮೊದಲು ಒಂದಿಷ್ಟು ಮಾಹಿತಿ ನೀವೇ ತರಬೇಕು. ಮಾಹಿತಿ ಹಕ್ಕು ಕಾಯ್ದೆಗೆ 10 ರೂಪಾಯಿ ಸಾಕು, ಉತ್ತರಕ್ಕೆ 30 ದಿನ, ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಂದರೆ ಅರ್ಜಿಯ ಕೊನೆಯ ದಿನಾಂಕಕ್ಕೆ ನಾಲ್ಕು ತಿಂಗಳ ಮೊದಲೇ ಶುರುಮಾಡಬೇಕು. ಎಷ್ಟು ಪಾಲಕತ್ವ ಅರ್ಜಿ ಬಂದಿವೆ, ಎಷ್ಟು ಇತ್ಯರ್ಥವಾಗಿವೆ, ಸಮಿತಿ ವರ್ಷದಲ್ಲಿ ಎಷ್ಟು ಸಲ ಸೇರಿತು ಎಂಬ ಮೂರು ಪ್ರಶ್ನೆಗೆ ಸಿಕ್ಕ ಉತ್ತರ ನಿಮ್ಮ ಅರ್ಜಿಯನ್ನು ಬೇರೆ ನೂರು ಅರ್ಜಿಗಳಿಂದ ಎತ್ತಿ ಇಡುತ್ತದೆ.

ಆತಿಥೇಯ ಸಂಸ್ಥೆಯ ಪತ್ರದಲ್ಲಿ ಹೊಗಳಿಕೆ ಬೇಡ. ನಿಮ್ಮ ಕೆಲಸ ತಿದ್ದುವ ಹಿರಿಯ ವಕೀಲರು ಯಾರು, ವಾರಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಕೂರಲು ಜಾಗ ಎಲ್ಲಿ ಎಂದಿರಲಿ. ಹಿರಿಯರು ಬೇರೆ ಊರಿನಲ್ಲಿದ್ದು ಫೋನಿನಲ್ಲೇ ಮಾರ್ಗದರ್ಶನ ಎಂದರೆ ಒಪ್ಪಬೇಡಿ. ಪಾಟೀಸವಾಲು ಫೋನಿನಲ್ಲಿ ಕಲಿಯುವ ವಿದ್ಯೆ ಅಲ್ಲ. ಅಡುಗೆಯಂತೆ ಅದನ್ನು ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು. ಬಜೆಟ್ಟಿನಲ್ಲಿ ಎಲ್ಲರೂ ಮರೆಯುವುದು ಕೋರ್ಟು ಖರ್ಚು. ಪ್ರಮಾಣೀಕೃತ ಪ್ರತಿ, ಭಾಷಾಂತರ, ಜೆರಾಕ್ಸ್, ಕೊಚ್ಚಿಯ ಹೈಕೋರ್ಟಿಗೆ ಹತ್ತಿರ ಹತ್ತಿರ 400 ಕಿಲೋಮೀಟರಿನ ಪ್ರಯಾಣ. ಇದಕ್ಕೆ ಬೇರೆ ತಲೆಬರಹ ಹಾಕಿ ಕೇಳದಿದ್ದರೆ ನಿಮ್ಮ ಶಿಷ್ಯವೇತನವೇ ಕರಗುತ್ತದೆ. ಕಾನೂನು ಸೇವಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಅಂಥ ಕೇಸುಗಳನ್ನು ಪ್ರಾಧಿಕಾರದ ಮೂಲಕ ದಾಖಲಿಸಿದರೆ ಕೋರ್ಟು ಶುಲ್ಕದ ಹೊರೆ ಕಕ್ಷಿದಾರರ ಮೇಲೆ ಬೀಳುವುದಿಲ್ಲ.

ಕೆಲಸ ಶುರುವಾದ ಮೇಲೆ ಕೆಡುವುದು ಎಲ್ಲಿ? ಹೆಚ್ಚಾಗಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಆಸೆಯಲ್ಲಿ. ಬಿಹಾರದ ವಿಚಾರಣಾಧೀನ ಕೈದಿಗಳನ್ನು ಬಿಡಿಸಿದ 1979ರ ಹುಸೈನಾರಾ ಖಾತೂನ್ ಪ್ರಕರಣ ಓದಿದವರಿಗೆ ಮೊದಲ ವರ್ಷವೇ ಹೈಕೋರ್ಟಿಗೆ ಓಡಬೇಕೆನಿಸುತ್ತದೆ. 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನ ಮೇಲೆ ಕೋರ್ಟುಗಳು ಅರ್ಜಿದಾರರ ಸಾಚಾತನ, ಮಾಹಿತಿಯ ನಿಖರತೆ ಎರಡನ್ನೂ ಮೊದಲೇ ತೂಗುತ್ತವೆ. ಕೆಳಗೆ ಹತ್ತು ಫೈಲು ಸೋತ ದಾಖಲೆ ಇಲ್ಲದೆ ಮೇಲೆ ಹೋದ ಅರ್ಜಿ ಒಂದೇ ದಿನದಲ್ಲಿ ವಜಾ ಆಗಿ, ಅದೇ ವಿಷಯ ಮತ್ತೆ ಎತ್ತಲಾಗದಂತೆ ಮಾಡುತ್ತದೆ. ನಷ್ಟ ನಿಮ್ಮದಲ್ಲ, ಆ ಜನರದ್ದು. ಇನ್ನೊಂದು, ಮೀರಿದ ಭಾರ ಹೊರುವುದು. ಮರಣದಂಡನೆ ಅಥವಾ ಜೀವಾವಧಿ ಸಾಧ್ಯವಿರುವ ಕೇಸಿನಲ್ಲಿ ಕಾನೂನು ನೆರವಿಗೆ ಕನಿಷ್ಠ ಹತ್ತು ವರ್ಷದ ಅನುಭವಿಗಳನ್ನು ನೇಮಿಸಬೇಕೆಂದು 2019ರ ಅನೋಖಿಲಾಲ್ ತೀರ್ಪು ಹೇಳಿದೆ. ಅಂಥ ಕೇಸಿನಲ್ಲಿ ನೀವು ಹಿರಿಯರ ಜೊತೆಗಿರಿ, ಒಬ್ಬರೇ ನಿಲ್ಲಬೇಡಿ. ಮತ್ತೆ ಬಾರ್ ಕೌನ್ಸಿಲಿನ 36ನೇ ನಿಯಮ ನೆನಪಿರಲಿ: ಶಿಬಿರ ಮಾಡಿ ಕಾನೂನು ತಿಳಿಸಬಹುದು, ಶಿಬಿರದಲ್ಲೇ ನನಗೆ ಕೇಸು ಕೊಡಿ ಎಂದು ಕೇಳಬಾರದು.

ಕೊನೆಯ ಆರು ತಿಂಗಳ ಮಾತು. ಮೊದಲೇ ಕೇಳಿದ ಪ್ರಶ್ನೆಗೆ ಉತ್ತರ ಸಿದ್ಧವಾಗಬೇಕಾದ್ದು ಆಗ. ಜಿಲ್ಲೆಯಲ್ಲೇ ಉಳಿಯುವವರಿಗೆ ಡಿಫೆನ್ಸ್ ಕೌನ್ಸಿಲ್ ಸಹಾಯಕ ಹುದ್ದೆ ಒಂದು ದಾರಿ. ಮೂರನೇ ವರ್ಷ ತುಂಬಿದಾಗ ಪ್ಯಾನೆಲ್ಲಿಗೆ ಅರ್ಜಿ ಹಾಕಬಹುದು, ಫೆಲೋಶಿಪ್ ಅವಧಿಯಲ್ಲಿ ನಿಮ್ಮ ಹೆಸರಿನ ವಕಾಲತ್ತುಗಳಿದ್ದರೆ ಅನುಭವಕ್ಕೆ ಅದೇ ಸಾಕ್ಷಿ. ಸ್ವಂತ ಕಚೇರಿ ತೆರೆಯುವವರು ಶುಲ್ಕ ಕೊಡಬಲ್ಲ ಕೇಸುಗಳನ್ನು, ಅಂದರೆ ಮೋಟಾರು ಅಪಘಾತ, ಬಾಡಿಗೆ, ಪಾಲುಪಟ್ಟಿ ಇಂಥವನ್ನು ಎರಡನೇ ವರ್ಷದಲ್ಲೇ ಕಲಿತಿರಬೇಕು. ಅದರಲ್ಲಿ ಕೀಳು ಏನೂ ಇಲ್ಲ, ಉಚಿತ ಕೇಸುಗಳನ್ನು ಸಾಕುವುದು ಅವೇ. ಆದರೆ ಫೆಲೋಶಿಪ್ ಒಪ್ಪಂದ ಖಾಸಗಿ ಕೇಸಿಗೆ ಅವಕಾಶ ಕೊಟ್ಟಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಸೀನಿಯರ್ ಪಕ್ಕದಲ್ಲಿ ಕೂತು ಕಲಿಯಿರಿ.

ಬೇರೆ ಊರಿಗೆ ಹೋಗುವವರು ಫೈಲುಗಳನ್ನು ಹಾಗೆಯೇ ಬಿಟ್ಟು ಹೋಗುವಂತಿಲ್ಲ. ಸಾಕಷ್ಟು ಕಾರಣ ಮತ್ತು ಮುಂಚಿತ ಸೂಚನೆ ಇಲ್ಲದೆ ಕೇಸಿನಿಂದ ಹಿಂದೆ ಸರಿಯಬಾರದು ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಫೆಲೋಶಿಪ್ ಮುಗಿದದ್ದು ಕೋರ್ಟಿಗೆ ಕಾರಣವಾಗುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೇ ವಕಾಲತ್ತಿನಲ್ಲಿ ಆತಿಥೇಯ ಸಂಸ್ಥೆಯ ಹಿರಿಯ ವಕೀಲರ ಹೆಸರೂ ಸೇರಿರಲಿ. ಕೊನೆಯ ಮೂರು ತಿಂಗಳಲ್ಲಿ ಹೊಸ ಕೇಸು ತೆಗೆದುಕೊಳ್ಳಬೇಡಿ. ಪ್ರತಿ ಫೈಲಿನ ಮೇಲೆ ಮುಂದಿನ ದಿನಾಂಕ, ಬಾಕಿ ಇರುವ ದಾಖಲೆ, ಮೂಲ ಪತ್ರಗಳು ಯಾರ ಕೈಯಲ್ಲಿವೆ ಎಂದು ಒಂದು ಹಾಳೆ ಬರೆದಿಡಿ. ಮೂಲ ಪತ್ರಗಳನ್ನು ಕಕ್ಷಿದಾರರಿಗೆ ಹಿಂದಿರುಗಿಸಿ ರಶೀದಿ ಪಡೆಯಿರಿ. ಅದೇ ಹಾಳೆಯ ಇನ್ನೊಂದು ಪ್ರತಿಯನ್ನು ಕನ್ನಡದಲ್ಲಿ ಬರೆದು, ಹೊಸ ವಕೀಲರ ಹೆಸರು ಮತ್ತು ಫೋನ್ ನಂಬರಿನ ಸಮೇತ ಅವರ ಮನೆಗೆ ಹೋಗಿ ಕೊಡಿ. ಸಾಧ್ಯವಾದರೆ ಹೊಸ ವಕೀಲರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಹಾಳೆಯನ್ನು ಅವರ ಎದುರೇ ಓದಿ ಹೇಳಿ.